ಹದಿನಾರು ಕೋರು, ಎಂಟು ಕೋರು

ಉಡುಪಿಯಲ್ಲಿ ನಾನು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಮಣಿಪಾಲದ ಹಾಸ್ಟೆಲಿನ ಹುಡುಗರಿಂದ ಹಿಡಿದು ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರ ತನಕ ಎಷ್ಟೋ ಬಗೆಯ ಗಿರಾಕಿಗಳನ್ನು ನೋಡಿದ್ದೇನೆ. ಹೆಚ್ಚಿನವರದು ಎರಡೇ ಪ್ರಶ್ನೆ. ಎಷ್ಟಾಗುತ್ತದೆ, ಇನ್ನೂ ಸ್ವಲ್ಪ ಕಡಿಮೆ ಮಾಡುತ್ತೀರೋ. ಕಾಪುವಿನ ಸೌಮ್ಯಶ್ರೀ ಮೊದಲ ಸಲ ಬಂದಾಗ ಅವೆರಡನ್ನೂ ಕೇಳಲಿಲ್ಲ. ಪ್ರೊಸೆಸರಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿ, "ಅಣ್ಣ, ಇದರ ಮೇಲೆ ಬರೆದ ವೇಗ ಉಂಟಲ್ಲ, ಅದನ್ನು ಇದು ಎಷ್ಟು ಹೊತ್ತು ಹಿಡಿದುಕೊಳ್ತದೆ? ಒಂದು ನಿಮಿಷವಾ, ಒಂದು ಗಂಟೆಯಾ?" ಎಂದಳು.

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ನನಗೆ ಗೊತ್ತೂ ಇರಲಿಲ್ಲ. ಹಾಗೆಂದೇ ಹೇಳಿದೆ.

"ಗೊತ್ತಿಲ್ಲ ಅಂತ ಹೇಳುವ ಅಂಗಡಿಯವರನ್ನು ನಾನು ಇವತ್ತೇ ನೋಡಿದ್ದು," ಎಂದು ನಕ್ಕು ಅವಳು ಅದನ್ನು ನನ್ನಲ್ಲೇ ಕೊಂಡಳು. ಹತ್ತು ದಿನ ಬಿಟ್ಟು ಫೋನ್ ಮಾಡಿ ಉತ್ತರವನ್ನೂ ತಿಳಿಸಿದಳು. "ನಾಲ್ಕು ನಿಮಿಷ ಅಣ್ಣ. ಆಮೇಲೆ ಇಳೀತದೆ."

ಆಗ ಅವಳಿಗೆ ಇಪ್ಪತ್ತೇಳು. ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದಳು. ಆಮೇಲೆ ಅದನ್ನೇ ಮನೆಯಲ್ಲಿ ಕೂತು ಮಾಡತೊಡಗಿದಳು. ಜೊತೆಗೆ ಯೂಟ್ಯೂಬಿನಲ್ಲಿ ಒಂದು ಚಾನೆಲ್ ತೆರೆದಳು. ಅದರಲ್ಲಿ ಅವಳದು ಒಂದೇ ಕೆಲಸ. ಕಂಪ್ಯೂಟರಿನ ಎರಡು ಸಾಮಾನುಗಳನ್ನು ಎದುರೆದುರು ಇಟ್ಟು, ಯಾವುದು ಯಾವ ಕೆಲಸಕ್ಕೆ ಆದೀತು ಎಂದು ಕನ್ನಡದಲ್ಲಿ ತಿಳಿಸುವುದು. ಕಂಪನಿಯವರು ಹೇಳುವ ಅಂಕಿಗಳನ್ನು ಅವಳು ಓದುತ್ತಲೇ ಇರಲಿಲ್ಲ. ತಾನೇ ಮಾಡಿದ ಮದುವೆ ವಿಡಿಯೋ ಒಂದನ್ನು ಎರಡೂ ಮೆಷಿನಿಗೆ ಕೊಟ್ಟು, ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಪೂರ್ತಿ ವಿಡಿಯೋ ಹೊರತೆಗೆಯುವುದನ್ನು ಯಾವುದು ಮೊದಲು ಮುಗಿಸುತ್ತದೆ ಎಂದು ಗಡಿಯಾರ ಇಟ್ಟು ನೋಡುತ್ತಿದ್ದಳು. ಒಂದು ಸಲ ಅಲ್ಲ, ಮೂರು ಸಲ.

ಅವಳ ವಿವರಣೆಯೂ ಹಾಗೆಯೇ, ಕಣ್ಣಿಗೆ ಕಟ್ಟುವಂಥದ್ದು. ಕೋರು ಎಂದರೇನು ಎಂದು ಒಮ್ಮೆ ಹೀಗೆ ಹೇಳಿದ್ದಳು: "ಪ್ರೊಸೆಸರಿನೊಳಗೆ ಕೆಲಸ ಮಾಡುವವರು ಅಂತ ಇಟ್ಟುಕೊಳ್ಳಿ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಎಂಟು ಜನಕ್ಕಿಂತ ಹದಿನಾರು ಜನ ಒಳ್ಳೆಯದು. ಆದರೆ ಹರಿದ ಬಲೆಯಲ್ಲಿ ಒಂದು ಕಣ್ಣು ಹೊಲಿಯಲಿಕ್ಕೆ ಹದಿನಾರು ಜನ ಬಂದು ಎಂತ ಮಾಡ್ತಾರೆ? ಅಲ್ಲಿ ಒಬ್ಬನೇ, ಆದರೆ ಕೈ ಚುರುಕಿನವ ಬೇಕು." ಕ್ಯಾಶ್ ಎನ್ನುವುದು ಪ್ರೊಸೆಸರಿನ ಒಳಗೇ ಇರುವ ಪುಟ್ಟ ನೆನಪು. ಅದನ್ನು ಅವಳು ದೋಣಿಯಲ್ಲೇ ಇಟ್ಟುಕೊಂಡ ಸಾಮಾನು ಎನ್ನುತ್ತಿದ್ದಳು. ಬೇಕಾದಾಗಲೆಲ್ಲ ದಡಕ್ಕೆ ಓಡಬೇಕಾಗಿಲ್ಲ. ನನ್ನ ಅಂಗಡಿಗೆ ಬರುವವರು, "ಆ ಕಾಪುವಿನ ಮೇಡಂ ಹೇಳಿದ್ದು ಕೊಡಿ" ಎನ್ನುವಷ್ಟು ಅವಳ ಮಾತಿಗೆ ಬೆಲೆ ಬಂದಿತ್ತು.

ಕಳೆದ ವರ್ಷ ಒಂದೇ ತಿಂಗಳಲ್ಲಿ ಎರಡು ಹೊಸ ಪ್ರೊಸೆಸರುಗಳು ಬಂದವು. ಒಂದರಲ್ಲಿ ಹದಿನಾರು ಕೋರು. ಇನ್ನೊಂದರಲ್ಲಿ ಎಂಟೇ, ಆದರೆ ಕ್ಯಾಶ್ ಮೂರು ಪಟ್ಟು. ಕುಕ್ಕುಂದೂರಿನಲ್ಲಿ ಅನಿಮೇಶನ್ ಕಲಿಸುವ ಸಣ್ಣ ಸಂಸ್ಥೆಯೊಂದಿದೆ. ಅದನ್ನು ನಡೆಸುವ ಚೈತಾಲಿ ಮೇಡಂ ಹದಿನಾರು ಕೋರಿನ ಹನ್ನೆರಡು ಮೆಷಿನುಗಳು ಬೇಕೆಂದು ನನಗೆ ಹೇಳಿದ್ದರು. ನಾನು ಉತ್ಸಾಹದಲ್ಲಿ ಎರಡೂ ಪ್ರೊಸೆಸರುಗಳನ್ನು ಸೌಮ್ಯಶ್ರೀಯ ಕೈಗೆ ಕೊಟ್ಟು, ಹೋಲಿಸಿ ನೋಡು ಎಂದೆ.

ಒಂಬತ್ತು ದಿನ ಬಿಟ್ಟು ವಿಡಿಯೋ ಬಂತು. ಅಂಗಡಿಯಲ್ಲಿ ಕೂತು ನೋಡಿದೆ. ಎಂಟು ಕೋರಿನದು ಮದುವೆ ವಿಡಿಯೋವನ್ನು ಮೂವತ್ತೊಂದು ನಿಮಿಷದಲ್ಲಿ ಮುಗಿಸಿತ್ತು. ಹದಿನಾರು ಕೋರಿನದು ತೆಗೆದುಕೊಂಡದ್ದು ನಲವತ್ತನಾಲ್ಕು ನಿಮಿಷ! ಶಾಖ ತೊಂಬತ್ತೈದು ಡಿಗ್ರಿ ಮುಟ್ಟಿ, ಪ್ರೊಸೆಸರ್ ತನ್ನನ್ನು ತಾನೇ ಉಳಿಸಿಕೊಳ್ಳಲು ವೇಗ ಇಳಿಸುತ್ತಿತ್ತು. "ಇದು ಬಿಸಿಯಾಗ್ತದೆ ಅಂತ ಎಲ್ಲರೂ ಹೇಳ್ತಿದ್ದರು. ನಾನೂ ಕಣ್ಣಾರೆ ಕಂಡೆ. ಹೆಸರು ದೊಡ್ಡದು, ಕೆಲಸ ಸಣ್ಣದು," ಎಂದು ಅವಳು ಮುಗಿಸಿದ್ದಳು.

ಎರಡು ದಿನದಲ್ಲಿ ಹದಿನೆಂಟು ಸಾವಿರ ಜನ ಅದನ್ನು ನೋಡಿದರು. ಮೂರನೇ ದಿನ ಬೆಳಿಗ್ಗೆ ಚೈತಾಲಿ ಮೇಡಂ ಫೋನ್ ಮಾಡಿ, "ಸರ್, ಆ ಹನ್ನೆರಡು ಮೆಷಿನ್ ಸದ್ಯಕ್ಕೆ ಬೇಡ," ಎಂದರು.

ಸುಳ್ಳು ಹೇಳುವುದಿಲ್ಲ, ನನಗೆ ಸಿಟ್ಟು ಬಂತು. ಸಾಮಾನು ಕೊಟ್ಟದ್ದು ನಾನು, ಏಟು ಬಿದ್ದದ್ದೂ ನನಗೇ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಕೊರೆಯುತ್ತಿತ್ತು. ಮಣಿಪಾಲದ ಒಬ್ಬರಿಗೆಂದು ಅದೇ ಹದಿನಾರು ಕೋರಿನ ಮೆಷಿನೊಂದನ್ನು ನಾನು ಜೋಡಿಸಿ ಇಟ್ಟಿದ್ದೆ. ಚಾಲೂ ಮಾಡಿ ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟು ನೋಡಿದೆ. ಎಂಬತ್ತೆರಡು ಡಿಗ್ರಿ ದಾಟಲಿಲ್ಲ.

ಸೌಮ್ಯಶ್ರೀಗೆ ಫೋನ್ ಮಾಡಿದೆ. ಏನೇನೋ ಹೇಳಬೇಕೆಂದು ಲೆಕ್ಕ ಹಾಕಿಕೊಂಡಿದ್ದವನು ಕೊನೆಗೆ ಇಷ್ಟೇ ಹೇಳಿದೆ. "ನನ್ನಲ್ಲಿ ಎಂಬತ್ತೆರಡು ಬರ್ತಾ ಉಂಟು, ನಿನ್ನಲ್ಲಿ ತೊಂಬತ್ತೈದು."

ಅವಳು ತನ್ನ ಮಾತನ್ನು ಸಮರ್ಥಿಸಿಕೊಳ್ಳುತ್ತಾಳೆ, ನಿಮಗೆ ಮಾರಬೇಕಲ್ವಾ, ಅದಕ್ಕೇ ಹೀಗೆ ಹೇಳುತ್ತೀರಿ ಎನ್ನುತ್ತಾಳೆ ಎಂದು ಕಾದೆ.

"ಹದಿಮೂರು ಡಿಗ್ರಿ ಅಂದರೆ ಸಣ್ಣದಲ್ಲ ಅಣ್ಣ," ಎಂದಳು. "ನಿಮ್ಮದು ತಪ್ಪು, ಇಲ್ಲ ನನ್ನದು ತಪ್ಪು. ಇವತ್ತೇ ಬರ್ಲಿಕ್ಕೆ ಆಗ್ತದಾ? ನನ್ನದಾದರೆ ಇವತ್ತೇ ಗೊತ್ತಾಗಲಿ."

ಮಧ್ಯಾಹ್ನ ಮೆಷಿನನ್ನು ಕಾರಿನಲ್ಲಿ ಹಾಕಿಕೊಂಡು ಕಾಪುವಿಗೆ ಹೋದೆ. ಮೀನು ಮಾರ್ಕೆಟಿನ ಆಚೆ, ಸಮುದ್ರಕ್ಕೆ ಇಳಿಯುವ ದಾರಿಯಲ್ಲಿ ಅವರ ಮನೆ. ಅವಳ ತಾಯಿ ವಾರಿಜಕ್ಕ ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದುಕೊಂಡವರಂತೆ ಮೊದಲು ಒಂದು ಲೋಟ ನೀರು ತಂದಿಟ್ಟರು. ಸೌಮ್ಯಶ್ರೀಯ ಕೋಣೆಯಲ್ಲಿ ಎರಡು ಮೆಷಿನುಗಳು ಪಕ್ಕಪಕ್ಕದಲ್ಲಿದ್ದವು. ನನ್ನದನ್ನು ಮೂರನೆಯದಾಗಿ ಇಟ್ಟು, ಮೂರಕ್ಕೂ ಅದೇ ಮದುವೆಯ ವಿಡಿಯೋ ಕೊಟ್ಟಳು. ಒಂದೇ ಕೋಣೆ, ಒಂದೇ ಕೆಲಸ. ಹತ್ತು ನಿಮಿಷದೊಳಗೆ ಅವಳ ಹದಿನಾರು ಕೋರು ತೊಂಬತ್ತೈದಕ್ಕೆ ಏರಿತು. ನನ್ನದು ಎಂಬತ್ತಮೂರರಲ್ಲಿ ನಿಂತಿತು.

ಅವಳು ಪರದೆಗೆ ಮುಖ ಹತ್ತಿರ ಹಿಡಿದು ಒಂದೊಂದೇ ಸೆಟ್ಟಿಂಗ್ ನೋಡುತ್ತಾ ಹೋದಳು. ಎಲ್ಲವೂ ಸರಿಯಾಗಿತ್ತು. ಎಷ್ಟು ಹುಡುಕಿದರೂ ವ್ಯತ್ಯಾಸ ಸಿಗಲಿಲ್ಲ. "ಹಾಗಾದರೆ ಪ್ರೊಸೆಸರೇ ಹಾಳಿರಬೇಕು," ಎಂದೆ ನಾನು.

ಆ ಹೊತ್ತಿಗೆ ಅವಳ ತಂದೆ ಲೀಲಾಧರಣ್ಣ ಊಟಕ್ಕೆ ಬಂದರು. ಬೋಟಿನ ಇಂಜಿನ್ ರಿಪೇರಿಯಲ್ಲಿ ಮೂವತ್ತೆಂಟು ವರ್ಷ ಕಳೆದವರು. ಕೈ ತೊಳೆದು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು, "ಎಂತ, ಇಬ್ಬರೂ ಸಾವಿನ ಮನೆಯವರ ಹಾಗೆ ಕೂತಿದ್ದೀರಿ?" ಎಂದು ಕೇಳಿದರು.

ಮಗಳು ಹೇಳಿದಳು. ಕಂಪ್ಯೂಟರಿನ ಮಾತನ್ನೆಲ್ಲ ಬಿಟ್ಟು ಹೇಳಿದಳು. "ಅಪ್ಪ, ಈ ಎರಡರ ಇಂಜಿನೂ ಒಂದೇ. ಒಂದು ಸರಿ ಓಡ್ತದೆ, ಒಂದು ಬಿಸಿಯಾಗಿ ಓಡುದಿಲ್ಲ."

"ಬಿಸಿ ಹೊರಗೆ ಹೋಗುದು ಎಲ್ಲಿಂದ?"

ಅವಳು ಹಿಂಬದಿಯ ಫ್ಯಾನ್ ತೋರಿಸಿದಳು. ಅವರು ನನ್ನ ಮೆಷಿನಿನ ಹಿಂದೆ ಅಂಗೈ ಹಿಡಿದರು. ಆಮೇಲೆ ಅವಳದರ ಹಿಂದೆ. ಮತ್ತೆ ನನ್ನದಕ್ಕೆ, ಮತ್ತೆ ಅವಳದಕ್ಕೆ. ಅವಸರವೇ ಇಲ್ಲ. ರೋಗಿಯ ನಾಡಿ ಹಿಡಿದ ಪಂಡಿತರ ಹಾಗೆ ಎಲ್ಲೋ ನೋಡುತ್ತಾ ನಿಂತಿದ್ದರು.

"ಯಾವುದು ಬಿಸಿ ಅಂತ ಹೇಳಿದ್ದು ನೀನು?"

"ಇದು. ತೊಂಬತ್ತೈದು ತೋರಿಸ್ತದೆ."

"ಇದರ ಗಾಳಿ ತಣ್ಣಗುಂಟು ಮಗಾ. ಅದರದ್ದೇ ಬಿಸಿ ಇರುದು."

ನಾನೂ ಕೈ ಹಿಡಿದು ನೋಡಿದೆ. ನಿಜ. ಎಂಬತ್ತಮೂರು ಡಿಗ್ರಿಯ ನನ್ನ ಮೆಷಿನಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ತೊಂಬತ್ತೈದರ ಅವಳ ಮೆಷಿನಿನದು ಅದಕ್ಕಿಂತ ತಂಪು.

"ಇಂಜಿನ್ ಬಿಸಿ, ರೇಡಿಯೇಟರ್ ತಣ್ಣಗೆ ಅಂದರೆ ನೀರು ತಿರುಗ್ತಾ ಇಲ್ಲ ಅಂತ ಅರ್ಥ," ಎಂದರು ಲೀಲಾಧರಣ್ಣ. "ಇಂಜಿನ್ನಿಗೆ ಎಂತದೂ ಆಗಲಿಲ್ಲ. ಬಿಸಿ ಅಲ್ಲಿಂದ ಇಲ್ಲಿಗೆ ಬರ್ತಾ ಇಲ್ಲ. ನಡುವೆ ಎಂತದೋ ಅಡ್ಡ ಉಂಟು. ಬಿಚ್ಚಿ ನೋಡು." ಅಷ್ಟು ಹೇಳಿ ಊಟಕ್ಕೆ ಹೋದರು.

ಸೌಮ್ಯಶ್ರೀ ಮೆಷಿನ್ ನಿಲ್ಲಿಸಿ ಬಿಚ್ಚಿದಳು. ಪ್ರೊಸೆಸರಿನ ಮೇಲೆ ಕೂರುವ ಕೂಲರಿನ ನಾಲ್ಕು ಸ್ಕ್ರೂ ತೆಗೆದು ಅದನ್ನು ಮೆಲ್ಲಗೆ ಮೇಲೆತ್ತಿದಳು. ಕೂಲರಿನ ಅಡಿಯಲ್ಲಿ, ಲೋಹಕ್ಕೆ ಅಂಟಿಕೊಂಡು, ಒಂದು ತೆಳು ಪ್ಲಾಸ್ಟಿಕ್ ಹಾಳೆ ಇತ್ತು. ಹೊಸ ಕೂಲರಿಗೆ ಗೀರು ಬೀಳದಂತೆ ಕಂಪನಿಯವರು ಅಂಟಿಸಿ ಕಳುಹಿಸುವಂಥದ್ದು. ಕೂರಿಸುವ ಮೊದಲು ಅದನ್ನು ಸುಲಿದು ತೆಗೆಯಬೇಕು. ಅವಳು ತೆಗೆದಿರಲಿಲ್ಲ.

ಅವಳ ಕುತ್ತಿಗೆಯಿಂದ ಕಿವಿಯ ತನಕ ಕೆಂಪಾಯಿತು. ಇಷ್ಟು ವರ್ಷಗಳಲ್ಲಿ ಎಷ್ಟು ಕೂಲರ್ ಕೂರಿಸಿದ್ದಳೋ. ಎಂಟು ಕೋರಿಗೆ ಹಳೆಯ ಕೂಲರ್ ಹಾಕಿದ್ದಳು, ನ್ಯಾಯವಾಗಲಿ ಎಂದು ಹದಿನಾರಕ್ಕೂ ಅದೇ ಮಾದರಿಯದನ್ನು ಹೊಸತಾಗಿ ತರಿಸಿದ್ದಳು. ನ್ಯಾಯಕ್ಕೆಂದು ತಂದ ಸಾಮಾನಿನಿಂದಲೇ ಅನ್ಯಾಯವಾಗಿತ್ತು.

ಅವಳು ತಾನು ತೆಗೆದ ವಿಡಿಯೋದ ಮೂಲವನ್ನು ಹುಡುಕಿ ತೆರೆದಳು. ಕೂಲರ್ ಕೂರಿಸುವ ಜಾಗಕ್ಕೆ ಬಂದು ನಿಲ್ಲಿಸಿದಳು. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಕೂಲರನ್ನು ಓರೆ ಹಿಡಿದು, ಮಾತಾಡುತ್ತಾ, ನಗುತ್ತಾ ಅದನ್ನು ಕೂರಿಸುತ್ತಿದ್ದಾಳೆ. ಅಡಿಯಲ್ಲಿ ಪ್ಲಾಸ್ಟಿಕ್ ಒಂದು ಕ್ಷಣ ಫಳಕ್ಕನೆ ಹೊಳೆಯುತ್ತದೆ. ಹದಿನೆಂಟು ಸಾವಿರ ಜನರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

"ಎಲ್ಲರೂ ಇದು ಬಿಸಿಯಾಗ್ತದೆ ಅಂತ ಹೇಳ್ತಿದ್ದರು ಅಣ್ಣ," ಎಂದಳು ಮೆಲ್ಲಗೆ. "ಬಿಸಿಯಾಯ್ತು. ನಾನು ಮತ್ತೆ ನೋಡ್ಲೇ ಇಲ್ಲ. ಎಂಟು ಕೋರು ಬಿಸಿಯಾಗಿದ್ದಿದ್ದರೆ ಖಂಡಿತ ಬಿಚ್ಚಿ ನೋಡ್ತಿದ್ದೆ."

ನನಗೆ ಬಂದಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಅವಳ ಹೆಸರಿಗೆ ಏಟು ಬೀಳುತ್ತದೆ ಎಂಬ ಚಿಂತೆ ಶುರುವಾಯಿತು. ಸಮಾಧಾನ ಮಾಡುವ ಹಾಗೆ, "ಒಂದು ಕೆಲಸ ಮಾಡು. ಹಳೆಯ ವಿಡಿಯೋ ತೆಗೆದುಬಿಡು. ಮೊದಲು ಬಂದ ಪ್ರೊಸೆಸರ್ ಸರಿ ಇರಲಿಲ್ಲ, ಬೇರೆ ತರಿಸಿ ನೋಡಿದೆ ಅಂತ ಹೊಸತೊಂದು ಹಾಕು. ಯಾರಿಗೆ ಗೊತ್ತಾಗ್ತದೆ?" ಎಂದೆ.

ಅವಳು ನನ್ನತ್ತ ತಿರುಗಿದಳು. "ಅದು ಸುಳ್ಳಲ್ವಾ ಅಣ್ಣ?"

ಅದರಲ್ಲಿ ಆಕ್ಷೇಪ ಇರಲಿಲ್ಲ, ಆಶ್ಚರ್ಯ ಇತ್ತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ನಾನು ತಲೆ ತಗ್ಗಿಸಿದೆ.

ಆ ಸಂಜೆಯಿಂದ ನಾಲ್ಕು ದಿನ ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಈ ಸಲ ಎರಡಕ್ಕೂ ಒಂದೇ ಕೂಲರ್. ಅದನ್ನೇ ಇಲ್ಲಿಂದ ತೆಗೆದು ಅಲ್ಲಿಗೆ, ಅಲ್ಲಿಂದ ತೆಗೆದು ಇಲ್ಲಿಗೆ ಕೂರಿಸಿದಳು. ಮೂರು ಸಲ ಸಾಲದೆಂದು ಐದೈದು ಸಲ ಅಳೆದಳು. ನಾನು ದಿನಾ ಮಧ್ಯಾಹ್ನ ಅಂಗಡಿಯನ್ನು ಹೆಂಡತಿ ವಿನೋದಾಳಿಗೆ ಒಪ್ಪಿಸಿ ಕಾಪುವಿಗೆ ಹೋಗುತ್ತಿದ್ದೆ. ಹೋಗಲೇಬೇಕು ಎಂದೇನಿರಲಿಲ್ಲ. ಅವಳು ಕೆಲಸ ಮಾಡುವುದನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಪ್ರತಿ ಸಲವೂ ಮೆಷಿನ್ ಆರುವ ತನಕ ಕಾದು, ಕಿಟಕಿಯನ್ನು ಒಂದೇ ಅಳತೆಗೆ ತೆರೆದಿಟ್ಟು, ಆಮೇಲೆಯೇ ಗಡಿಯಾರ ಒತ್ತುತ್ತಿದ್ದಳು. ಲೀಲಾಧರಣ್ಣ ಬಂದರೆ ಹಿಂದೆ ಕೈ ಹಿಡಿದು, "ಈಗ ಸರಿ," ಎಂದು ಹೇಳಿ ಹೋಗುತ್ತಿದ್ದರು.

ಹದಿನಾರು ಕೋರಿನದು ಆ ಮದುವೆಯನ್ನು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸಿತು. ನಲವತ್ತನಾಲ್ಕರಿಂದ ಹತ್ತೊಂಬತ್ತಕ್ಕೆ! ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ. ಉಳಿದ ಕೆಲಸಗಳನ್ನೂ ಕೊಟ್ಟು ನೋಡಿದಳು. ಚಿತ್ರಗಳನ್ನು ತಿದ್ದುವಾಗ, ಪ್ರೋಗ್ರಾಂ ಬರೆಯುವಾಗ, ಆಟ ಆಡುವಾಗ ಎಂಟು ಕೋರಿನದೇ ಕೂದಲೆಳೆಯಷ್ಟು ಮುಂದಿತ್ತು. ದೊಡ್ಡ ಕ್ಯಾಶ್ ಅಲ್ಲಿ ಕೈಹಿಡಿಯುತ್ತಿತ್ತು. ಪೂರ್ತಿ ಕೆಲಸದಲ್ಲಿ ಅದು ಎಳೆಯುತ್ತಿದ್ದ ಕರೆಂಟು ಇನ್ನೊಂದರ ಅರ್ಧಕ್ಕಿಂತಲೂ ಕಡಿಮೆ. ಕೊನೆಗೆ ಅವಳು ಗೋಡೆಯ ಸ್ವಿಚ್ಚನ್ನೇ ಆರಿಸಿ, ಯುಪಿಎಸ್ ಮೇಲೆ ಯಾವುದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದಳು. ಎಂಟು ಕೋರಿನದು ಇಪ್ಪತ್ತೈದು ನಿಮಿಷ, ಹದಿನಾರರದ್ದು ಹನ್ನೊಂದು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮೂರುಗಳಲ್ಲಿ ಇದನ್ನು ಬಿಟ್ಟು ಹೋಲಿಕೆ ಮಾಡಿದರೆ ಏನು ಪ್ರಯೋಜನ? ಯಾವ ಕಂಪನಿಯ ಕಾಗದದಲ್ಲೂ ಆ ಅಂಕಿ ಇರುವುದಿಲ್ಲ.

ಹೊಸ ವಿಡಿಯೋ ಶುರುವಾಗುವುದೇ ಅವಳ ತಪ್ಪಿನಿಂದ. ಪ್ಲಾಸ್ಟಿಕ್ ಹೊಳೆಯುವ ಆ ಕ್ಷಣವನ್ನು ನಿಲ್ಲಿಸಿ, ಸುತ್ತ ಕೆಂಪು ಗೆರೆ ಎಳೆದಿದ್ದಳು. "ಇದು ನನ್ನ ಕೈ. ಇದು ನಾನು ತೆಗೆಯದೆ ಬಿಟ್ಟ ಹಾಳೆ. ಪ್ರೊಸೆಸರಿನದು ಎಂತ ತಪ್ಪೂ ಇಲ್ಲ. ಇದನ್ನು ಕಂಡುಹಿಡಿದದ್ದು ನಾನಲ್ಲ, ನನ್ನ ಅಪ್ಪ. ಅವರು ಬೋಟಿನ ಇಂಜಿನ್ ರಿಪೇರಿ ಮಾಡುವವರು," ಎಂದಳು. ಹಳೆಯ ವಿಡಿಯೋವನ್ನೂ ಅಳಿಸಲಿಲ್ಲ. ಅದರ ಹೆಸರಿನ ಮೊದಲಿಗೆ 'ಇದು ತಪ್ಪು, ಸರಿಯಾದದ್ದು ಇಲ್ಲಿದೆ' ಎಂದು ಸೇರಿಸಿದಳು.

ಅಪಹಾಸ್ಯ ಮಾಡುವವರು ಮಾಡಿದರು. ಪ್ಲಾಸ್ಟಿಕ್ ಮೇಡಂ ಎಂದು ಒಬ್ಬ ಹೆಸರಿಟ್ಟ. ವಾರಿಜಕ್ಕ ಅದನ್ನು ಯಾರದೋ ಫೋನಿನಲ್ಲಿ ನೋಡಿ ಬೇಸರಪಟ್ಟು, "ಇಷ್ಟು ಬಿಡಿಸಿ ಹೇಳುವ ಅಗತ್ಯ ಎಂತ ಇತ್ತು?" ಎಂದು ಕೇಳಿದರಂತೆ. ಲೀಲಾಧರಣ್ಣ ಹೇಳಿದ ಉತ್ತರವನ್ನು ಸೌಮ್ಯಶ್ರೀ ನನಗೆ ತಿಳಿಸಿದಳು. "ರಿಪೇರಿಯಲ್ಲಿ ನಾನು ತಪ್ಪು ಮಾಡಿ ಹೇಳದೆ ಕಳಿಸಿದರೆ ಬೋಟು ನಡುಸಮುದ್ರದಲ್ಲಿ ನಿಲ್ತದೆ. ಇವಳ ಮಾತು ಕೇಳಿ ಮೆಷಿನ್ ತೆಗೆದುಕೊಂಡವರದ್ದೂ ಹಾಗೇ ಅಲ್ವಾ?"

ಒಂದು ವಾರ ಕಳೆದು ಚೈತಾಲಿ ಮೇಡಂ ಅವರ ಫೋನ್ ಬಂತು. ಹನ್ನೆರಡು ಮೆಷಿನ್ ಮತ್ತೆ ಬೇಕೆನ್ನುತ್ತಾರೆ ಎಂದು ಆಸೆಯಿಂದ ಎತ್ತಿದೆ. ಅವರು ಕೇಳಿದ್ದು ಸೌಮ್ಯಶ್ರೀಯನ್ನು. "ಅವರನ್ನು ಒಮ್ಮೆ ನಮ್ಮಲ್ಲಿಗೆ ಕರೆದುಕೊಂಡು ಬರ್ತೀರಾ ಸರ್? ನಮ್ಮ ಮಕ್ಕಳಿಗೆ ತೋರಿಸಬೇಕು, ನಮಗೆ ಎಂತ ಬೇಕು ಅಂತಲೂ ಅವರೇ ಹೇಳಲಿ."

ಶನಿವಾರ ಬೆಳಿಗ್ಗೆ ಕುಕ್ಕುಂದೂರಿಗೆ ಹೋದೆವು. ಮೂವತ್ತು ವಿದ್ಯಾರ್ಥಿಗಳಿದ್ದರು. ಬಜಗೋಳಿ ಕಡೆಯಿಂದ ಬಸ್ಸಿನಲ್ಲಿ ಬರುವವರು, ಕಾರ್ಕಳ ಪೇಟೆಯವರು. ಸೌಮ್ಯಶ್ರೀ ಮೊದಲು ಅವರ ಕೆಲಸ ನೋಡಿದಳು. ಯಾವ ಸಾಫ್ಟ್‌ವೇರಿನಲ್ಲಿ ಎಷ್ಟು ಹೊತ್ತು ಕೂರುತ್ತೀರಿ, ಯಾವಾಗ ಕಾಯಬೇಕಾಗುತ್ತದೆ ಎಂದು ಒಬ್ಬೊಬ್ಬರ ಪಕ್ಕದಲ್ಲೂ ಕೂತು ಕೇಳಿದಳು. ಒಂದೂವರೆ ಗಂಟೆಯ ನಂತರ ಚೈತಾಲಿ ಮೇಡಂ ಹತ್ತಿರ ಬಂದು ನನ್ನೆದುರೇ ಹೇಳಿದಳು.

"ಮೇಡಂ, ನಿಮಗೆ ಹನ್ನೆರಡೂ ಹದಿನಾರು ಕೋರಿನದು ಬೇಡ. ಮಕ್ಕಳು ದಿನವಿಡೀ ಮಾಡುದು ಚಿತ್ರ ಬಿಡಿಸುವ, ತಿದ್ದುವ ಕೆಲಸ. ಅದಕ್ಕೆ ಎಂಟು ಕೋರಿನದೇ ಒಳ್ಳೆಯದು, ಕರೆಂಟು ಹೋದರೂ ಮಾಡಿದ ಕೆಲಸ ಉಳಿಸ್ಲಿಕ್ಕೆ ಸಮಯ ಸಿಗ್ತದೆ. ಕೊನೆಗೆ ಸಿನಿಮಾ ಹೊರತೆಗೆಯುವಾಗ ಮಾತ್ರ ಹದಿನಾರು ಬೇಕು. ಅಂಥದ್ದು ಮೂರು ಸಾಕು. ಅಂಥ ಕೆಲಸದಲ್ಲಿ ಅದನ್ನು ಹಿಡಿಯುವವರಿಲ್ಲ, ನಾನು ಐದು ಸಲ ನೋಡಿದ್ದೇನೆ."

ಹದಿನಾರು ಕೋರಿನ ಒಂಬತ್ತು ಮೆಷಿನುಗಳು ನನ್ನ ಕೈತಪ್ಪಿ, ಅವುಗಳ ಜಾಗಕ್ಕೆ ಅಗ್ಗದವು ಬಂದವು. ಆದರೂ ಆ ಹೊತ್ತಿನಲ್ಲಿ ನನಗೆ ಹೆಮ್ಮೆಯೇ ಆಯಿತು. ಎರಡು ಪ್ರೊಸೆಸರುಗಳನ್ನೂ ಅವಳು ಹೊಗಳುತ್ತಿದ್ದ ರೀತಿ ಹಾಗಿತ್ತು. ಇಬ್ಬರು ಒಳ್ಳೆಯ ಕೆಲಸಗಾರರ ಗುಣ ಬಲ್ಲ ಯಜಮಾನಿಯಂತೆ.

ಕೊನೆಗೆ ಅವಳು ವಿದ್ಯಾರ್ಥಿಗಳಿಗೆ ತನ್ನ ತಪ್ಪಿನ ಕಥೆಯನ್ನೂ ಹೇಳಿದಳು. ಯಶ್ಮಿತಾ ಎಂಬ ಹುಡುಗಿ ಎದ್ದು ನಿಂತು, "ಮೇಡಂ, ಎಲ್ಲರ ಎದುರು ಹೇಳ್ಲಿಕ್ಕೆ ನಾಚಿಕೆ ಆಗ್ಲಿಲ್ವಾ?" ಎಂದು ಕೇಳಿಬಿಟ್ಟಳು. ಚೈತಾಲಿ ಮೇಡಂ ಕಣ್ಣು ದೊಡ್ಡದು ಮಾಡಿದರು.

"ತುಂಬಾ ಆಯ್ತು," ಎಂದಳು ಸೌಮ್ಯಶ್ರೀ. "ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆದರೆ ಅಳೆಯುವ ಕೆಲಸ ನನಗೆ ಇಷ್ಟ. ತಪ್ಪನ್ನು ಮುಚ್ಚಿಟ್ಟಿದ್ದರೆ ಆಮೇಲೆ ನಾನು ಅಳೆದದ್ದನ್ನು ನಾನೇ ನಂಬ್ತಿರಲಿಲ್ಲ." ಆಮೇಲೆ ಬೋರ್ಡಿನ ಮೇಲೆ ತನ್ನ ಚಾನೆಲಿನ ವಿಳಾಸ ಬರೆದು, "ಆ ಮದುವೆಯವರ ಒಪ್ಪಿಗೆ ಕೇಳಿ, ನಾನು ಅಳೆಯುವ ಫೈಲನ್ನು ಅಲ್ಲಿ ಇಟ್ಟಿದ್ದೇನೆ. ಹೊಸ ಮೆಷಿನ್ ಬಂದ ಮೇಲೆ ನೀವೂ ಅಳೆಯಿರಿ. ನನ್ನದಕ್ಕಿಂತ ಬೇರೆ ಬಂದರೆ ದಯವಿಟ್ಟು ತಿಳಿಸಿ," ಎಂದಳು.

ಮೆಷಿನುಗಳನ್ನು ಜೋಡಿಸಿ ಕೊಟ್ಟು ಇಪ್ಪತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುತ್ತಿದ್ದಂತೆ ಸೌಮ್ಯಶ್ರೀಯ ಫೋನ್. ದನಿಯಲ್ಲಿ ಸಂಭ್ರಮ ತುಂಬಿ ತುಳುಕುತ್ತಿತ್ತು.

"ಅಣ್ಣ, ಕುಕ್ಕುಂದೂರಿನಲ್ಲಿ ಕೀರ್ತನ್ ಅಂತ ಒಬ್ಬ ಉಂಟಲ್ಲ, ಹಿಂದಿನ ಬೆಂಚಿನಲ್ಲಿ ಕೂತಿದ್ದವ? ಅವನಿಗೆ ಹದಿನಾರು ಕೋರಿನಲ್ಲಿ ಹದಿನೇಳೇ ನಿಮಿಷ ಬಂದಿದೆ. ಮೆಮೊರಿಯ ಒಂದು ಸೆಟ್ಟಿಂಗ್ ನಾನು ಬದಲಿಸದೆ ಬಿಟ್ಟಿದ್ದೆ, ಅವ ಬದಲಿಸಿದ್ದಾನೆ. ಎಂಟು ಕೋರಿನದೂ ಕಡಿಮೆಯಾಗಿದೆಯಂತೆ. ನಾನು ಇವತ್ತು ಎರಡನ್ನೂ ಮತ್ತೆ ಅಳೀಬೇಕು. ನಾನು ವಾಪಸು ಕೊಟ್ಟ ಆ ಪ್ರೊಸೆಸರುಗಳನ್ನು ಇನ್ನೂ ಮಾರಿಲ್ಲ ತಾನೇ?"

ಮಾರಿಲ್ಲ ಎಂದೆ. ಎರಡನ್ನೂ ಕಪಾಟಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡು, ವಿನೋದಾಳಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ಕಾಪುವಿಗೆ ಹೊರಟೆ.